ಶಾಲಾ ಮೈದಾನದಲ್ಲಿ ಕ್ರಿಯಾತ್ಮಕ ವ್ಯಾಯಾಮ: ಕೋಟನೂರಿನ ಬೋಧನಾಭ್ಯಾಸದಿಂದ ಕೆಲವು ಮಾತು

ಕಲಬುರಗಿಯ ಜಿಮ್‌ಗಳ ಬೋರ್ಡಿನ ಮೇಲೆ ಈಗೀಗ ‘ಫಂಕ್ಷನಲ್ ಟ್ರೈನಿಂಗ್’ ಎಂಬ ಮಾತು ಕಾಣುತ್ತದೆ. ಕನ್ನಡದಲ್ಲಿ ಇದನ್ನು ಕ್ರಿಯಾತ್ಮಕ ವ್ಯಾಯಾಮ ಎನ್ನಬಹುದು. ಹೆಸರು ದೊಡ್ಡದು, ವಿಷಯ ಸಣ್ಣದು. ದಿನದ ಕೆಲಸದಲ್ಲಾಗಲಿ ಆಟದಲ್ಲಾಗಲಿ ದೇಹ ಯಾವ ಚಲನೆ ಮಾಡಬೇಕಾಗುತ್ತದೋ ಅದೇ ಚಲನೆಯನ್ನು, ಹಲವು ಕೀಲು ಮತ್ತು ಸ್ನಾಯುಗಳು ಕೂಡಿ ದುಡಿಯುವಂತೆ, ಸರಿಯಾದ ಭಂಗಿಯಲ್ಲಿ ರೂಢಿ ಮಾಡುವುದು. ಯಂತ್ರದ ಮೇಲೆ ಕುಳಿತು ತೊಡೆಯ ಮುಂಭಾಗದ ಸ್ನಾಯುವನ್ನಷ್ಟೇ ದುಡಿಸಿದರೆ ಆ ಸ್ನಾಯು ದಪ್ಪವಾಗುತ್ತದೆ. ಕುಕ್ಕರಗಾಲಿನಲ್ಲಿ ಕುಳಿತು ಎದ್ದರೆ ಪಾದ, ಮೊಣಕಾಲು, ಸೊಂಟ, ಬೆನ್ನು ನಾಲ್ಕೂ ಒಂದನ್ನೊಂದು ನೋಡಿಕೊಂಡು ಕೆಲಸ ಮಾಡಲು ಕಲಿಯುತ್ತವೆ. ಆಟದಲ್ಲಿ ಬೇಕಾಗುವುದು ಈ ಎರಡನೆಯದು.

ನಮ್ಮ ಕಡೆ ಇದಕ್ಕೆ ಉದಾಹರಣೆ ಹುಡುಕಿಕೊಂಡು ಹೋಗಬೇಕಿಲ್ಲ. ಬೋರವೆಲ್ಲಿನಿಂದ ಕೊಡ ಎತ್ತಿ ಟೊಂಕದ ಮೇಲೆ ಇಟ್ಟುಕೊಳ್ಳುವ ಹೆಣ್ಣುಮಗಳು, ತೊಗರಿ ಚೀಲವನ್ನು ಬೆನ್ನಿಗೆ ಹಾಕಿಕೊಂಡು ಗಾಡಿ ಏರುವ ಹಮಾಲ, ಒಂದು ಕಾಲು ಮುಂದಿಟ್ಟು ಬಾಗಿ ಕಳೆ ಕೀಳುವ ಕೂಲಿಯಾಳು, ಇವರೆಲ್ಲ ದಿನವಿಡೀ ಮಾಡುವುದು ಆರೇಳು ಮೂಲ ಚಲನೆಗಳನ್ನೇ: ಕುಕ್ಕರಿಸಿ ಏಳುವುದು, ಸೊಂಟದಿಂದ ಬಾಗಿ ಎತ್ತುವುದು, ನೂಕುವುದು, ಎಳೆಯುವುದು, ಹೊತ್ತು ನಡೆಯುವುದು, ತಿರುಗುವುದು, ಒಂದು ಕಾಲಿನ ಮೇಲೆ ಭಾರ ಬಿಡುವುದು. ಯಾವ ಆಟವನ್ನು ಬಿಡಿಸಿ ನೋಡಿದರೂ ಇವೇ ಸಿಗುತ್ತವೆ. ವ್ಯತ್ಯಾಸ ವೇಗದಲ್ಲಿದೆ. ಹಮಾಲ ಹೆಜ್ಜೆ ನೋಡಿ ಇಡುತ್ತಾನೆ. ಕಬಡ್ಡಿ ಆಡುವ ಹುಡುಗಿಗೆ ಹೆಜ್ಜೆ ನೋಡಲು ಪುರುಸೊತ್ತಿಲ್ಲ.

ವಿಜ್ಞಾನ ವಿಷಯದ ಪ್ರಶಿಕ್ಷಣಾರ್ಥಿಗೆ ಮೈದಾನದಲ್ಲೇನು ಕೆಲಸ ಎಂದು ಕೇಳಬಹುದು. ನಾನು ಬೋಧನಾಭ್ಯಾಸಕ್ಕೆ ಹೋದ ಕೋಟನೂರಿನ ಪ್ರೌಢಶಾಲೆಯಲ್ಲಿ ಆಗ ದೈಹಿಕ ಶಿಕ್ಷಕರು ಇರಲಿಲ್ಲ. ವಲಯ ಮಟ್ಟದ ಕ್ರೀಡಾಕೂಟ ಹತ್ತಿರ ಬಂದಿತ್ತು. ಆಟದ ಅವಧಿಗೆ ಯಾರಿಗೆ ಬಿಡುವಿದೆಯೋ ಅವರು ಹೋಗಬೇಕು, ಬಿಡುವು ಇರುವುದು ಯಾವಾಗಲೂ ನಮ್ಮಂಥವರಿಗೇ. ಈ ಪತ್ರಿಕೆ ಓದುವ ಪ್ರಶಿಕ್ಷಣಾರ್ಥಿ ಮಿತ್ರರಲ್ಲಿ ಬಹಳ ಮಂದಿ ಇದೇ ಸ್ಥಿತಿಯಲ್ಲಿ ಸೀಟಿ ಕೊರಳಿಗೆ ಹಾಕಿಕೊಂಡಿದ್ದಾರೆ. ಸೀಟಿ ಊದುವವರಿಗೆ ಮಕ್ಕಳ ಮೊಣಕಾಲಿನ ಹೊಣೆಯೂ ಬರುತ್ತದೆ ಎಂಬ ಕಾರಣಕ್ಕೆ ಈ ಲೇಖನ.

ಆ ಶಾಲೆಯ ಮೈದಾನದ ಅಂಚಿನಲ್ಲೊಂದು ಬೇವಿನ ಮರವಿದೆ. ಹೆಣ್ಣುಮಕ್ಕಳ ಕಬಡ್ಡಿ ಅಭ್ಯಾಸ ನಡೆಯುವಾಗ ಒಂಬತ್ತನೇ ತರಗತಿಯ ಒಬ್ಬ ಹುಡುಗಿ ಅದರ ಕೆಳಗೆ ಕುಳಿತು ಅಂಕ ಬರೆಯುತ್ತಿದ್ದಳು. ಹಿಂದಿನ ವರ್ಷ ಅವಳೇ ತಂಡದ ಮುಖ್ಯ ರೇಡರ್. ಅಭ್ಯಾಸದಲ್ಲಿ ಜಿಗಿದು ಒಂದು ಕಾಲಿನ ಮೇಲೆ ಇಳಿದಾಗ ಮೊಣಕಾಲು ಹೊರಳಿತು, ಬಾತಿತು, ತಿಂಗಳುಗಟ್ಟಲೆ ನೋವು ಉಳಿಯಿತು. ಪಾಲಕರ ಸಭೆಗೆ ಬಂದ ಅವಳ ತಾಯಿಯನ್ನು ಮಾತಾಡಿಸಿದೆ. ಅವರು ಸಿಟ್ಟಾಗಲಿಲ್ಲ, ಇಷ್ಟೇ ಹೇಳಿದರು: “ಆಟ ಸಾಕ್ ಮಾಡ್ರಿ ಮೇಡಂ. ಕಾಲಿಗಿ ಏನರ ಆದ್ರ ನಾಳಿ ಅಕಿದು ಹ್ಯಾಂಗ್ರಿ?” ಗಂಡುಹುಡುಗನಿಗೆ ಗಾಯವಾದರೆ ಎರಡು ತಿಂಗಳು ಆಟ ತಪ್ಪುತ್ತದೆ. ಹೆಣ್ಣುಹುಡುಗಿಗೆ ಅದೇ ಗಾಯವಾದರೆ ಆಟವೇ ಮುಗಿಯುತ್ತದೆ, ಮುಂದೆ ಓದಿನ ಮೇಲೂ ಅದರ ನೆರಳು ಬೀಳಬಹುದು. ಗಾಯ ತಡೆ ಎನ್ನುವುದು ನಮ್ಮ ಶಾಲೆಗಳಲ್ಲಿ ಬರೀ ವೈದ್ಯಕೀಯ ವಿಷಯವಲ್ಲ ಎಂದು ನನಗೆ ಅನಿಸಿದ್ದು ಇದರಿಂದ.

ಮೊಣಕಾಲು ಹೀಗೆ ಹೊರಳಿದಾಗ ಒಳಗೆ ಆಗುವುದೇನು? ಒಂಬತ್ತನೇ ತರಗತಿಯ ಅಂಗಾಂಶಗಳ ಪಾಠದಲ್ಲಿ ನಾವೇ ಕಲಿಸುತ್ತೇವೆ: ಮೂಳೆಗೂ ಮೂಳೆಗೂ ನಂಟು ಹಾಕುವುದು ಅಸ್ಥಿರಜ್ಜು, ಸ್ನಾಯುವನ್ನು ಮೂಳೆಗೆ ಕಟ್ಟುವುದು ಸ್ನಾಯುರಜ್ಜು. ಮೊಣಕಾಲಿನ ಒಳಗೆ ಎರಡು ಅಸ್ಥಿರಜ್ಜುಗಳು ಕತ್ತರಿಯಂತೆ ಒಂದರ ಮೇಲೊಂದು ಹಾದುಹೋಗುತ್ತವೆ. ಅವುಗಳಲ್ಲಿ ಮುಂದಿನದನ್ನು ಎಸಿಎಲ್ ಎನ್ನುತ್ತಾರೆ. ಮೊಣಕಾಲಿನ ಕೆಳಗಿನ ಮೂಳೆ ಮುಂದಕ್ಕೆ ಜಾರದಂತೆ, ಕಾಲು ತಿರುಚಿಕೊಳ್ಳದಂತೆ ಹಿಡಿಯುವುದು ಅದರ ಕೆಲಸ. ಪಾದ ನೆಲಕ್ಕೆ ಕಚ್ಚಿಕೊಂಡಿದ್ದು, ಮೊಣಕಾಲು ಹೆಚ್ಚು ಮಡಚದೆ ಒಳಮುಖವಾಗಿ ಕುಸಿದು, ಮೇಲಿನ ದೇಹ ಇನ್ನೊಂದು ಕಡೆ ತಿರುಗಿದರೆ ಈ ರಜ್ಜುವಿನ ಮೇಲೆ ಎಲ್ಲಾ ಎಳೆತ ಬೀಳುತ್ತದೆ. ಯಾರೂ ಮುಟ್ಟದೆಯೇ, ಬರೀ ಇಳಿಯುವಾಗ ಅಥವಾ ದಿಕ್ಕು ಬದಲಿಸುವಾಗ ಇದು ಹರಿಯುವುದೇ ಹೆಚ್ಚು. ಪ್ರೌಢಾವಸ್ಥೆಯ ನಂತರ ಒಂದೇ ಆಟ ಆಡುವ ಹುಡುಗರಿಗಿಂತ ಹುಡುಗಿಯರಲ್ಲಿ ಇದು ಹೆಚ್ಚು; ಹಲವು ಅಧ್ಯಯನಗಳಲ್ಲಿ ಎರಡು ಪಟ್ಟು, ಕೆಲವದರಲ್ಲಿ ಇನ್ನೂ ಜಾಸ್ತಿ.

ಮೊಣಕಾಲಿನ ಗಾಯ ದೊಡ್ಡ ಆಟಗಾರರನ್ನೂ ಬಿಡುವುದಿಲ್ಲ ಎನ್ನಲು ನಮ್ಮ ರಾಜ್ಯದಲ್ಲೇ ನಡೆದ ಒಂದು ಘಟನೆ ಸಾಕು. 2022ರ ಅಕ್ಟೋಬರಿನಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಪ್ರೊ ಕಬಡ್ಡಿ ಒಂಬತ್ತನೇ ಆವೃತ್ತಿ ಶುರುವಾಯಿತು. ಹಿಂದೆ ಬೆಂಗಳೂರು ಬುಲ್ಸ್ ಪರ ಆಡಿ ಇಲ್ಲಿನ ಮಕ್ಕಳಿಗೆಲ್ಲ ಪರಿಚಿತನಾಗಿದ್ದ ಪವನ್ ಸೆಹ್ರಾವತ್‌ನನ್ನು ತಮಿಳ್ ತಲೈವಾಸ್ ತಂಡ 2.26 ಕೋಟಿ ರೂಪಾಯಿಗೆ ಕೊಂಡಿತ್ತು. ಮೊದಲ ಪಂದ್ಯದಲ್ಲೇ ಮೊಣಕಾಲಿಗೆ ಗಾಯವಾಗಿ ಅವರು ಇಡೀ ಆವೃತ್ತಿಯಿಂದ ಹೊರಗುಳಿದರು. ಮರುವರ್ಷ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಅವರದೇ ನಾಯಕತ್ವದಲ್ಲಿ ಭಾರತ ಚಿನ್ನ ಗೆದ್ದಿತು. ಈ ಕತೆಯನ್ನು ಮಕ್ಕಳಿಗೆ ಹೇಳಿದಾಗ ಅವರು ಕಣ್ಣರಳಿಸಿ ಕೇಳಿದ್ದು ಎರಡನೆಯ ಭಾಗವನ್ನು. ನಾನು ಶಿಕ್ಷಕರಿಗೆ ಹೇಳಬೇಕೆಂದಿರುವುದು ನಡುವಿನ ಭಾಗವನ್ನು. ಅಂಥ ಆಟಗಾರನ ಬೆನ್ನಿಗೆ ಶಸ್ತ್ರವೈದ್ಯರು, ಫಿಸಿಯೋಥೆರಪಿಸ್ಟ್, ತಿಂಗಳುಗಟ್ಟಲೆ ಪುನಶ್ಚೇತನದ ವ್ಯವಸ್ಥೆ ಇರುತ್ತದೆ. ಕೋಟನೂರಿನ ಹುಡುಗಿಗೆ ಗಾಯದ ನಂತರ ಇದ್ದದ್ದು ಬೇವಿನ ಮರದ ನೆರಳು. ಹಾಗಾಗಿ ನಮ್ಮ ಶಾಲೆಗಳಿಗೆ ಚಿಕಿತ್ಸೆಗಿಂತ ತಡೆ ಮುಖ್ಯ. ನಮ್ಮ ಕೈಯಲ್ಲಿರುವುದೂ ಅದೊಂದೇ.

ಇಳಿಯುವುದನ್ನು ಕಲಿಸುವುದು ಎಲ್ಲಕ್ಕಿಂತ ಮೊದಲ ಕೆಲಸ. ಇದಕ್ಕೆ ಒಂಬತ್ತನೇ ತರಗತಿಯ ಬಲ ಮತ್ತು ಚಲನೆಯ ನಿಯಮಗಳ ಪಾಠವೇ ನೆರವಾಯಿತು. ಕ್ರಿಕೆಟ್ ಆಟಗಾರ ಚೆಂಡು ಹಿಡಿಯುವಾಗ ಕೈಯನ್ನು ಹಿಂದಕ್ಕೆ ಏಕೆ ಎಳೆದುಕೊಳ್ಳುತ್ತಾನೆ ಎಂಬ ಪ್ರಶ್ನೆ ಆ ಪಾಠದಲ್ಲಿದೆ. ಅದೇ ಪ್ರಶ್ನೆಯನ್ನು ಕಾಲಿಗೆ ಕೇಳಿದೆ. 40 ಕಿಲೋ ತೂಕದ ಹುಡುಗಿ 30 ಸೆಂಟಿಮೀಟರ್ ಎತ್ತರದಿಂದ ಇಳಿದರೆ ನೆಲ ಮುಟ್ಟುವಾಗ ಅವಳ ವೇಗ ಸೆಕೆಂಡಿಗೆ ಸುಮಾರು 2.4 ಮೀಟರ್. ಸಂವೇಗ ಸುಮಾರು 97. ಕಾಲು ಕೋಲಿನಂತೆ ನೆಟ್ಟಗೆ ಇಟ್ಟು 0.05 ಸೆಕೆಂಡಿನಲ್ಲಿ ನಿಂತರೆ, ಅವಳ ತೂಕವನ್ನೂ ಸೇರಿಸಿ ನೆಲ ಕಾಲಿನ ಮೇಲೆ ಹಾಕುವ ಸರಾಸರಿ ಬಲ ಸುಮಾರು 2,330 ನ್ಯೂಟನ್. ಅಂದರೆ ಅವಳ ತೂಕದ ಆರು ಪಟ್ಟು. ಮೊಣಕಾಲು, ಸೊಂಟ ಮಡಚಿ ಅದೇ ಇಳಿತವನ್ನು 0.2 ಸೆಕೆಂಡಿಗೆ ಹಿಗ್ಗಿಸಿದರೆ ಬಲ ಸುಮಾರು 880 ನ್ಯೂಟನ್, ತೂಕದ ಎರಡೂಕಾಲು ಪಟ್ಟು. ಎತ್ತರ ಅದೇ, ಹುಡುಗಿ ಅವಳೇ, ನೆಲವೂ ಅದೇ. ಬದಲಾದದ್ದು ಮಡಚುವ ರೀತಿ ಮಾತ್ರ.

ಈ ಲೆಕ್ಕವನ್ನು ಕಪ್ಪುಹಲಗೆಯ ಮೇಲೆ ಮಾಡಿ, ಹೊರಗೆ ಹೋಗಿ ಕಟ್ಟೆಯ ಕೆಳಗಿನ ಮೆಟ್ಟಿಲಿನಿಂದ ಜಿಗಿಸಿ, ‘ಸಪ್ಪಳ ಬಾರದಂಗ ಇಳೀರಿ’ ಎಂದರೆ ಸಾಕು. ಸಪ್ಪಳವೇ ಮಾಪಕ. ಧಪ್ಪೆಂದು ಇಳಿದವರು ಯಾರು ಎಂದು ಕಣ್ಣು ಮುಚ್ಚಿದ ಮಗುವೂ ಹೇಳುತ್ತದೆ. ಇನ್ನೊಬ್ಬರು ಎದುರು ನಿಂತು ಮೊಣಕಾಲು ಎಲ್ಲಿ ಹೋಗುತ್ತದೆ ನೋಡಬೇಕು: ಪಾದದ ಎರಡನೇ ಬೆರಳಿನ ನೇರಕ್ಕೆ ಇದೆಯೋ, ಒಳಕ್ಕೆ ಕುಸಿಯಿತೋ. ನಮ್ಮ ತಂಡದಲ್ಲಿ ಹಲವರ ಮೊಣಕಾಲು ಒಳಕ್ಕೆ ಬರುತ್ತಿತ್ತು, ಚುರುಕಾಗಿ ಆಡುವವರದೂ. ಅವರು ಓಡುವುದನ್ನು ನೋಡಿದರೆ ಈ ಕೊರತೆ ಗೊತ್ತಾಗುತ್ತಿರಲಿಲ್ಲ. ಖೇಲೋ ಇಂಡಿಯಾ ಫಿಟ್‌ನೆಸ್ ಪರೀಕ್ಷೆಯಲ್ಲಿ 50 ಮೀಟರ್ ಓಟ, 600 ಮೀಟರ್ ಓಟ, ಪುಷ್ಅಪ್, ಕುಳಿತು ಮುಂದಕ್ಕೆ ಬಾಗುವುದು ಎಲ್ಲ ಇವೆ. ಅವು ಬೇಕಾದವೇ. ಆದರೆ ಮಗು ಎಷ್ಟು ಓಡಿತು ಎಂಬುದನ್ನು ಅವು ಹೇಳುತ್ತವೆ, ಹೇಗೆ ನಿಂತಿತು ಎಂಬುದನ್ನು ಹೇಳುವುದಿಲ್ಲ.

ಇಂಥ ಅಭ್ಯಾಸದಿಂದ ಗಾಯ ನಿಜವಾಗಿಯೂ ಕಡಿಮೆಯಾಗುತ್ತದೆಯೇ ಎಂಬುದಕ್ಕೆ ಪುರಾವೆ ಇದೆ. ಫಿಫಾ 2006ರ ಸುಮಾರಿಗೆ ‘11 ಪ್ಲಸ್’ ಎಂಬ ಸಿದ್ಧತಾ ವ್ಯಾಯಾಮವನ್ನು ರೂಪಿಸಿತು. ಒಟ್ಟು 20 ನಿಮಿಷ: 8 ನಿಮಿಷ ನಿಧಾನ ಓಟ, 10 ನಿಮಿಷ ಬಲ, ಜಿಗಿತ ಮತ್ತು ಸಮತೋಲನ, ಕೊನೆಗೆ 2 ನಿಮಿಷ ವೇಗದ ಓಟ. ಸಲಕರಣೆ ಚೆಂಡಿನ ಹೊರತು ಏನೂ ಬೇಡ. ನಾರ್ವೆಯಲ್ಲಿ 13ರಿಂದ 17 ವರ್ಷದ 1,892 ಫುಟ್‌ಬಾಲ್ ಹುಡುಗಿಯರ ಮೇಲೆ ಇದನ್ನು ಪರೀಕ್ಷಿಸಿ 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ವ್ಯಾಯಾಮ ಮಾಡಿದ ಗುಂಪಿನಲ್ಲಿ ಒಟ್ಟು ಗಾಯಗಳು ಸುಮಾರು ಮೂರನೇ ಒಂದು ಭಾಗ ಕಡಿಮೆ, ತೀವ್ರ ಗಾಯಗಳು ಹೆಚ್ಚುಕಡಿಮೆ ಅರ್ಧ. 7ರಿಂದ 13 ವರ್ಷದ ಮಕ್ಕಳಿಗಾಗಿ ಇದರ ಸಣ್ಣ ರೂಪವನ್ನು ಯುರೋಪಿನ ನಾಲ್ಕು ದೇಶಗಳಲ್ಲಿ ಪರೀಕ್ಷಿಸಿದಾಗಲೂ ಗಾಯಗಳು 48 ಪ್ರತಿಶತ ಇಳಿದವು. ಅದು ಪ್ರಕಟವಾದದ್ದು 2018ರಲ್ಲಿ. ಇವು ಫುಟ್‌ಬಾಲಿನ ಲೆಕ್ಕ, ಕಬಡ್ಡಿಯದಲ್ಲ. ಆದರೂ ಓಡಿ ನಿಲ್ಲುವುದು, ಒಂಟಿಗಾಲಿನಲ್ಲಿ ಇಳಿಯುವುದು, ದಿಕ್ಕು ತಪ್ಪಿಸುವುದು ಎರಡಕ್ಕೂ ಸಾಮಾನ್ಯ.

ನಮ್ಮಲ್ಲಿ ಆಟಕ್ಕೆ ಮುಂಚೆ ಸಾಮಾನ್ಯವಾಗಿ ನಡೆಯುವುದು ಬೇರೆ. ಸಾಲಾಗಿ ನಿಲ್ಲಿಸಿ ಕಾಲು ಚಾಚಿ ಬೆರಳು ಮುಟ್ಟಿಸಿ ಹತ್ತು ಎಣಿಸುವುದು. ನಿಂತಲ್ಲೇ ಎಳೆದು ಹಿಡಿಯುವ ಈ ಸೆಳೆತಗಳಿಂದ ಗಾಯ ಕಡಿಮೆಯಾಗುತ್ತದೆ ಎಂಬುದು ಹಳೆಯ ನಂಬಿಕೆ. ಆಸ್ಟ್ರೇಲಿಯಾದ ಸೇನೆಯಲ್ಲಿ ಹೊಸದಾಗಿ ಸೇರಿದ 1,538 ಮಂದಿಯನ್ನು ಎರಡು ಗುಂಪು ಮಾಡಿ ಒಂದಕ್ಕೆ ಮಾತ್ರ ವ್ಯಾಯಾಮಕ್ಕೆ ಮುಂಚೆ ಸೆಳೆತ ಕೊಟ್ಟು ನೋಡಿದರು. 2000ದಲ್ಲಿ ಬಂದ ಫಲಿತಾಂಶದಲ್ಲಿ ಎರಡು ಗುಂಪುಗಳ ಗಾಯಗಳಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಸೆಳೆತ ಕೆಟ್ಟದ್ದೇನಲ್ಲ, ಆಟ ಮುಗಿದ ಮೇಲೆ ಮಾಡಿಸಿದರೆ ಮೈ ಹಗುರಾಗುತ್ತದೆ. ಮೊದಲಿನ ಹತ್ತು ಹದಿನೈದು ನಿಮಿಷವನ್ನು ಮಾತ್ರ ಅದಕ್ಕೆ ಕೊಡಬಾರದು.

ನಾನು ಕೋಟನೂರಿನಲ್ಲಿ ಮಾಡಿಸಿದ ಕ್ರಮ ಹದಿನೈದು ನಿಮಿಷದ್ದು. ಅಂಕಣದ ಸುತ್ತ ನಿಧಾನ ಓಟ, ನಡುನಡುವೆ ಪಕ್ಕಕ್ಕೆ ಮತ್ತು ಹಿಂದಕ್ಕೆ. ಆಮೇಲೆ ಬಸ್ಕಿ ಹತ್ತು, ಮುಂದೆ ಹೆಜ್ಜೆ ಇಟ್ಟು ಮೊಣಕಾಲು ಬಗ್ಗಿಸುವುದು ಪ್ರತಿ ಕಾಲಿಗೆ ಎಂಟು, ಮೊಣಕೈ ಮತ್ತು ಕಾಲ್ಬೆರಳ ಮೇಲೆ ಹಲಗೆಯಂತೆ ನಿಲ್ಲುವುದು ಇಪ್ಪತ್ತು ಎಣಿಸುವ ತನಕ. ಒಂಟಿಗಾಲಿನ ಮೇಲೆ ನಿಂತು ಜೊತೆಗಾರ ಭುಜ ನೂಕಿದರೂ ಬೀಳದೆ ಇರುವುದು. ಮಕ್ಕಳಿಗೆ ಇದು ಬಹಳ ಇಷ್ಟ, ನಗು ತಡೆಯುವುದೇ ಕಷ್ಟ. ನಂತರ ಸಪ್ಪಳವಿಲ್ಲದ ಜಿಗಿತ, ಮೊದಲು ಎರಡು ಕಾಲಿನಲ್ಲಿ, ಎರಡನೇ ವಾರದಿಂದ ಒಂದು ಕಾಲಿನಲ್ಲಿ. ಕೊನೆಗೆ ವೇಗವಾಗಿ ಓಡಿ ಗೆರೆಯ ಹತ್ತಿರ ಮೂರು ಸಣ್ಣ ಹೆಜ್ಜೆ ಇಟ್ಟು ನಿಲ್ಲುವುದು. ಒಂದೇ ದೊಡ್ಡ ಹೆಜ್ಜೆಯಲ್ಲಿ ನಿಲ್ಲುವ ಚಟ ಬಿಡಿಸಲು ಈ ಕೊನೆಯದು ಬೇಕೇ ಬೇಕು.

ವಾರಕ್ಕೆ ಎರಡು ದಿನ ತೊಡೆಯ ಹಿಂಭಾಗಕ್ಕೆ ಇನ್ನೊಂದು ವ್ಯಾಯಾಮ ಸೇರಿಸಿದೆ. ಗೋಣಿಚೀಲ ಮಡಚಿ ಹಾಸಿ ಅದರ ಮೇಲೆ ಮಗು ಮೊಣಕಾಲೂರಿ ಕೂರುತ್ತದೆ, ಹಿಂದಿನವರು ಅದರ ಹಿಮ್ಮಡಿಗಳನ್ನು ಒತ್ತಿ ಹಿಡಿಯುತ್ತಾರೆ. ಮೈ ನೆಟ್ಟಗಿಟ್ಟುಕೊಂಡು ಎಷ್ಟು ನಿಧಾನವಾಗಿ ಆಗುತ್ತದೋ ಅಷ್ಟು ನಿಧಾನವಾಗಿ ಮುಂದಕ್ಕೆ ಬಾಗಿ, ತಡೆಯಲಾಗದಾಗ ಕೈ ಊರಬೇಕು. ಇದಕ್ಕೆ ನಾರ್ಡಿಕ್ ವ್ಯಾಯಾಮ ಎನ್ನುತ್ತಾರೆ. ಓಟಗಾರರಿಗೆ ತೊಡೆಯ ಹಿಂದೆ ‘ಕಟ್’ ಎಂದು ಹಿಡಿಯುವ ಗಾಯ ಇದರಿಂದ ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂದು ಹಲವು ಪ್ರಯೋಗಗಳನ್ನು ಕೂಡಿಸಿ ನೋಡಿದ 2019ರ ವಿಶ್ಲೇಷಣೆ ಹೇಳುತ್ತದೆ. ಮೊದಲ ದಿನ ಮೂರು ಸಲಕ್ಕಿಂತ ಹೆಚ್ಚು ಬೇಡ. ಮರುದಿನ ಮಕ್ಕಳು ಮೆಟ್ಟಿಲು ಇಳಿಯುವುದನ್ನು ನೋಡಿದರೆ ಏಕೆಂದು ತಿಳಿಯುತ್ತದೆ.

ಬಸ್ಕಿಯ ವಿಷಯಕ್ಕೆ ಬರಬೇಕು. ಮೊದಲ ದಿನ “ಎಲ್ಲಾರೂ ಹತ್ತ ಬಸ್ಕಿ” ಎಂದಾಗ ಮಕ್ಕಳು ಮುಖ ಮುಖ ನೋಡಿಕೊಂಡರು. ಮುಂದಿನ ಸಾಲಿನ ಹುಡುಗಿ ಕೇಳಿಯೇಬಿಟ್ಟಳು: “ನಾವೇನ್ ತಪ್ಪ ಮಾಡೀವ್ರಿ ಮೇಡಂ?” ಅವಳ ಪ್ರಶ್ನೆ ನ್ಯಾಯವಾದದ್ದೇ. ಅವರ ಪಾಲಿಗೆ ಬಸ್ಕಿ ಎಂದರೆ ಕಿವಿ ಹಿಡಿದು, ಮನೆಗೆಲಸ ಮಾಡದ್ದಕ್ಕೆ, ತಡವಾಗಿ ಬಂದದ್ದಕ್ಕೆ ಹೊಡೆಯುವ ವಸ್ತು. ಮಕ್ಕಳ ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಕಲಂ ದೈಹಿಕ ಶಿಕ್ಷೆಯನ್ನು ನಿಷೇಧಿಸಿದೆ ಎಂದು ನಾವು ಪರೀಕ್ಷೆಯಲ್ಲಿ ಬರೆಯುತ್ತೇವೆ. ಬಸ್ಕಿ ಮಾತ್ರ ‘ವ್ಯಾಯಾಮವೇ ಅಲ್ಲವೇ’ ಎಂಬ ನೆಪದಲ್ಲಿ ಆ ನಿಷೇಧದ ಹೊರಗೆ ಉಳಿದುಬಿಡುತ್ತದೆ. ರೂಢಿಯಿಲ್ಲದ ಮಗುವಿಗೆ ಒಮ್ಮೆಲೇ ನೂರಿನ್ನೂರು ಬಸ್ಕಿ ಹೊಡೆಸಿದರೆ ತೊಡೆಯ ಸ್ನಾಯುನಾರುಗಳು ಒಡೆದು ಅದರೊಳಗಿನ ವಸ್ತುಗಳು ರಕ್ತಕ್ಕೆ ಸೇರುತ್ತವೆ, ಮೂತ್ರ ಚಹಾದ ಬಣ್ಣಕ್ಕೆ ತಿರುಗುತ್ತದೆ, ಮೂತ್ರಪಿಂಡಕ್ಕೆ ಅಪಾಯವಾಗುತ್ತದೆ. ಇದು ವೈದ್ಯಕೀಯದಲ್ಲಿ ದಾಖಲಾದ ಸಂಗತಿ. ಆ ಅಪಾಯ ಒತ್ತಟ್ಟಿಗಿರಲಿ, ಯಾವ ಚಲನೆ ಮಗುವಿನ ಮೊಣಕಾಲು ಉಳಿಸಬಲ್ಲದೋ ಅದನ್ನೇ ಅವಮಾನದ ಗುರುತು ಮಾಡಿದರೆ ಮಗು ಅದನ್ನು ಮನಸ್ಸಿಟ್ಟು ಏಕೆ ಮಾಡೀತು? ಶಿಕ್ಷೆಯ ಬಸ್ಕಿಯಲ್ಲಿ ಭಂಗಿಯನ್ನು ಯಾರೂ ನೋಡುವುದಿಲ್ಲ, ಲೆಕ್ಕವನ್ನಷ್ಟೇ ನೋಡುತ್ತಾರೆ. ಹಿಮ್ಮಡಿ ಎತ್ತಿ, ಮೊಣಕಾಲು ಒಳಕ್ಕೆ ತಂದು, ಬೇಗ ಮುಗಿದರೆ ಸಾಕೆಂದು ಹೊಡೆದ ಬಸ್ಕಿ ತಪ್ಪು ಚಲನೆಯನ್ನೇ ಗಟ್ಟಿ ಮಾಡುತ್ತದೆ.

ನಮ್ಮ ಗರಡಿ ಮನೆಗಳಲ್ಲಿ ಬಸ್ಕಿಗೆ ಇದ್ದ ಸ್ಥಾನವೇ ಬೇರೆ. ದಂಡ, ಬಸ್ಕಿ, ಗದೆ ತಿರುಗಿಸುವುದು, ಮಲ್ಲಕಂಬ, ಹಗ್ಗ ಹತ್ತುವುದು, ಇವುಗಳಲ್ಲಿ ಒಂದೇ ಸ್ನಾಯುವನ್ನು ಬೇರ್ಪಡಿಸಿ ದುಡಿಸುವ ವ್ಯಾಯಾಮ ಒಂದೂ ಇಲ್ಲ. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವವರನ್ನು ಗಮನಿಸಿ: ಕಲ್ಲನ್ನು ಮೈಗೆ ಒತ್ತಿಕೊಂಡು, ತೊಡೆಯ ಮೇಲೆ ಒಂದು ಕ್ಷಣ ತಂದಿಟ್ಟು, ಆಮೇಲೆ ಸೊಂಟದ ಬಲದಿಂದ ಭುಜಕ್ಕೆ ಏರಿಸುತ್ತಾರೆ. ಭಾರವನ್ನು ದೇಹಕ್ಕೆ ಹತ್ತಿರ ಇಟ್ಟುಕೊಂಡರೆ ಬೆನ್ನಿನ ಮೇಲಿನ ಭ್ರಾಮಕ ಕಡಿಮೆಯಾಗುತ್ತದೆ ಎಂಬ ಸನ್ನೆಯ ತತ್ವ ಅದರಲ್ಲಿದೆ. ಗರಡಿಯಲ್ಲಿ ಕುಸ್ತಿಗೆ ಮುಂಚೆ ಪೈಲ್ವಾನರು ತಾವೇ ಸಲಿಕೆ ಹಿಡಿದು ಮಟ್ಟಿ ಅಗೆಯುತ್ತಾರೆ. ಅದರಿಂದ ಎರಡು ಕೆಲಸ ಆಗುತ್ತವೆ: ಮೈ ಕಾಯುತ್ತದೆ, ಬೀಳುವ ನೆಲ ಮೆತ್ತಗಾಗುತ್ತದೆ. ಆ ಪದ್ಧತಿಯನ್ನು ನಾನು ಹೊಗಳಿ ಹಾಡುತ್ತಿಲ್ಲ. ಸಾವಿರ ಬಸ್ಕಿಯ ಹೆಮ್ಮೆ ಅಲ್ಲಿಯೂ ಇದೆ, ಹುಡುಗಿಯರಿಗೆ ಅದರ ಬಾಗಿಲು ಬಹುಕಾಲ ಮುಚ್ಚಿಯೇ ಇತ್ತು. ಆದರೆ ನೆಲವನ್ನು ಆಟಕ್ಕೆ ಮುಂಚೆ ಸಿದ್ಧ ಮಾಡಬೇಕು ಎಂಬ ಬುದ್ಧಿ ಅವರಿಗಿತ್ತು, ನಮ್ಮ ಶಾಲೆಗಳಿಗೆ ಇಲ್ಲ.

ನೆಲದ ಮಾತು ನಮ್ಮ ಜಿಲ್ಲೆಯಲ್ಲಿ ಸಣ್ಣದಲ್ಲ. ಎರೆ ಮಣ್ಣಿನ ಮೈದಾನ ಮಳೆ ಬಂದರೆ ಕಾಲಿಗೆ ಅಂಟಿಕೊಂಡು ಮಣಭಾರವಾಗುತ್ತದೆ, ಬಿಸಿಲು ಬಿದ್ದರೆ ಬಿರುಕು ಬಿಡುತ್ತದೆ. ಬಿರುಕಿನಲ್ಲಿ ಅರ್ಧ ಪಾದ ಇಳಿದರೆ ಹರಡು ಹೊರಳಿತೆಂದೇ ಲೆಕ್ಕ. ಇನ್ನು ಶಾಲೆಯ ಅಂಗಳಕ್ಕೆ ಶಹಾಬಾದ್ ಕಲ್ಲು ಹಾಸಿರುತ್ತಾರೆ. ಅದು ಪ್ರಾರ್ಥನೆಗೆ ಚೆನ್ನ, ಜಿಗಿಯಲು ಕೆಟ್ಟದ್ದು, ಒದ್ದೆಯಾದರಂತೂ ಜಾರುತ್ತದೆ. ನಾವು ಅಂಕಣ ಹಾಕುವ ಜಾಗವನ್ನು ಸಲಿಕೆಯಿಂದ ಕೆರೆದು, ಹರಳು ಆರಿಸಿ, ಬಿರುಕಿಗೆ ಮರಳು ತುಂಬಿದೆವು. ಎರಡು ದಿನದ ಕೆಲಸ. ಎಂಟನೇ ತರಗತಿಯವರು ಹರಳು ಆರಿಸುವುದರಲ್ಲೇ ಒಂದು ಪಂದ್ಯ ಕಟ್ಟಿದರು. ಹೊತ್ತಿನ ವಿಷಯದಲ್ಲಿ ಒಂದೇ ಮಾತು: ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳೇ ಬಿಸಿಲಿಗಾಗಿ ಬೆಳಗಿನ ಹೊತ್ತಿಗೆ ಬದಲಾಗುತ್ತವೆ. ಬೇಸಿಗೆ ಶಿಬಿರ ಮಾಡುವವರು ಮಕ್ಕಳನ್ನು ಹನ್ನೊಂದು ಗಂಟೆಗೆ ಓಡಿಸಬಾರದು.

ಖೋ-ಖೋ ಆಡಿಸುವವರಿಗೆ ಕ್ರಿಯಾತ್ಮಕ ವ್ಯಾಯಾಮವನ್ನು ವಿವರಿಸುವ ಅಗತ್ಯವೇ ಇಲ್ಲ. ಬೆನ್ನಟ್ಟುವ ಒಂಬತ್ತು ಜನರಲ್ಲಿ ಎಂಟು ಜನ ಕುಕ್ಕರಗಾಲಿನಲ್ಲಿ ಕುಳಿತಿರುತ್ತಾರೆ, ‘ಖೋ’ ಬಿದ್ದ ಕೂಡಲೇ ಆ ಕುಳಿತ ಸ್ಥಿತಿಯಿಂದಲೇ ಓಟ. ಬಸ್ಕಿಯ ಏಳುವ ಅರ್ಧ ಮತ್ತು ಓಟದ ಮೊದಲ ಹೆಜ್ಜೆ ಅಲ್ಲಿ ಒಂದೇ ಚಲನೆ. ಕಂಬ ಸುತ್ತುವಾಗ ಹೊರಗಿನ ಕಾಲಿನ ಮೊಣಕಾಲನ್ನು ಗಮನಿಸಬೇಕು, ಅಷ್ಟೆ.

ಇನ್ನು ಬೆಳವಣಿಗೆಯ ವಯಸ್ಸು. ಹನ್ನೆರಡರಿಂದ ಹದಿನೈದರ ನಡುವೆ ಮೂಳೆ ಬೇಗ ಉದ್ದವಾಗುತ್ತದೆ, ಸ್ನಾಯು ಅದರ ಹಿಂದೆ ಬರುತ್ತದೆ. ಮೊಣಚಿಪ್ಪಿನ ಕೆಳಗೆ ಮೂಳೆ ಉಬ್ಬಿ, ಮುಟ್ಟಿದರೆ, ಜಿಗಿದರೆ ನೋಯುವುದು ಈ ವಯಸ್ಸಿನ ಆಟಗಾರರಲ್ಲಿ ಸಾಮಾನ್ಯ. 1903ರಲ್ಲಿ ಇದನ್ನು ಬೇರೆ ಬೇರೆಯಾಗಿ ವಿವರಿಸಿದ ಇಬ್ಬರು ವೈದ್ಯರ ಹೆಸರಿನಲ್ಲಿ ಆಸ್‌ಗುಡ್-ಶ್ಲಾಟರ್ ಎನ್ನುತ್ತಾರೆ. ಇಂಥ ನೋವು ಹೇಳಿಕೊಂಡ ಮಗುವಿಗೆ ‘ನೆಪ ಹೇಳಬ್ಯಾಡ’ ಎನ್ನಬಾರದು. ಜಿಗಿತ ಕಡಿಮೆ ಮಾಡಿಸಿದರೆ ಬಹುತೇಕ ತಾನೇ ಸರಿಹೋಗುತ್ತದೆ. ಇದಕ್ಕಿಂತ ನಮ್ಮ ಶಾಲೆಗಳ ದೊಡ್ಡ ರೋಗ ಕ್ರೀಡಾಕೂಟದ ಹಿಂದಿನ ವಾರದ್ದು. ವರ್ಷವಿಡೀ ಆಟವಿಲ್ಲ, ಕ್ರೀಡಾಕೂಟದ ಸುತ್ತೋಲೆ ಬಂದ ಮೇಲೆ ದಿನಕ್ಕೆ ಮೂರು ತಾಸು ಅಭ್ಯಾಸ. ಯಾವ ಬೆಚ್ಚಗಿನ ವ್ಯಾಯಾಮವೂ ಈ ಏಕಾಏಕಿ ಹೊರೆಯಿಂದ ಕಾಪಾಡಲಾರದು. ವಾರಕ್ಕೆ ಮೂರು ದಿನ, ಜೂನ್ ತಿಂಗಳಿನಿಂದಲೇ, ಅರ್ಧ ತಾಸಿನಂತೆ ಆಡಿದ ತಂಡಕ್ಕೆ ಆ ಕೊನೆಯ ವಾರದ ಅವಸರವೇ ಬೇಕಾಗುವುದಿಲ್ಲ.

ಇಷ್ಟಾದರೂ ಗಾಯ ಆಗಿಯೇ ಆಗುತ್ತದೆ. ಹರಡು ಹೊರಳಿದಾಗ ನಮ್ಮ ಕಡೆ ಮೊದಲು ನಡೆಯುವುದು ಉಳುಕು ತೆಗೆಸುವುದು. ಬಾತ ಕಾಲನ್ನು ಎಣ್ಣೆ ಹಚ್ಚಿ ತಿಕ್ಕಿ, ಹಿಡಿದು ಎಳೆಯುತ್ತಾರೆ. ಮೂಳೆ ಮುರಿದಿದ್ದರೆ ಅಥವಾ ರಜ್ಜು ಹರಿದಿದ್ದರೆ ಇದರಿಂದ ಹಾನಿಯೇ ಹೆಚ್ಚು. ಶಿಕ್ಷಕರು ನೆನಪಿಡಬಹುದಾದ ಒಂದು ಸುಲಭ ಪರೀಕ್ಷೆ ಇದೆ. ಕೆನಡಾದ ಒಟ್ಟಾವಾದ ವೈದ್ಯರು 1992ರಲ್ಲಿ ರೂಪಿಸಿದ ನಿಯಮದಿಂದ ತೆಗೆದದ್ದು: ಹರಡಿನ ಎರಡೂ ಕಡೆಯ ಗಂಟುಮೂಳೆಯ ಹಿಂದಿನ ಅಂಚನ್ನು ಒತ್ತಿದರೆ ಮೂಳೆಯಲ್ಲೇ ನೋವಿದೆಯೇ? ಮಗು ಕುಂಟುತ್ತಲಾದರೂ ನಾಲ್ಕು ಹೆಜ್ಜೆ ಇಡಬಲ್ಲದೇ? ಮೂಳೆಯಲ್ಲಿ ನೋವಿದ್ದರೆ, ಅಥವಾ ನಾಲ್ಕು ಹೆಜ್ಜೆ ಆಗದಿದ್ದರೆ ಎಕ್ಸ್‌ರೇ ಬೇಕು. ಉಳಿದ ಉಳುಕಿಗೆ ಬಿಗಿಯಾಗಿ ಬಟ್ಟೆ ಕಟ್ಟಿ, ಕಾಲು ಎತ್ತರದಲ್ಲಿಟ್ಟು, ಎರಡು ಮೂರು ದಿನ ಭಾರ ಕಡಿಮೆ ಮಾಡಿ, ನೋವು ತಾಳುವಷ್ಟು ನಡೆಯಲು ಶುರುಮಾಡಿಸಬೇಕು. ವಿಶ್ರಾಂತಿ ಮತ್ತು ಮಂಜುಗಡ್ಡೆಯ ಸೂತ್ರವನ್ನು 1978ರಲ್ಲಿ ಜನಪ್ರಿಯಗೊಳಿಸಿದ ಅಮೆರಿಕದ ವೈದ್ಯ ಗೇಬ್ ಮಿರ್ಕಿನ್ ಅವರೇ 2014ರಲ್ಲಿ, ಮಂಜುಗಡ್ಡೆ ಮತ್ತು ಪೂರ್ಣ ವಿಶ್ರಾಂತಿ ಎರಡೂ ಗುಣವಾಗುವುದನ್ನು ತಡಮಾಡಬಹುದು ಎಂದು ತಿದ್ದಿಕೊಂಡರು. ಮೊದಲ ಕೆಲವು ತಾಸು ನೋವಿಗೆ ಮಂಜುಗಡ್ಡೆ ಇಟ್ಟರೆ ತಪ್ಪಿಲ್ಲ, ಅದನ್ನೇ ವಾರಗಟ್ಟಲೆ ನೆಚ್ಚಿಕೊಳ್ಳಬಾರದು. ಮೊಣಕಾಲು ಹೊರಳುವಾಗ ‘ಟಪ್’ ಎಂಬ ಸಪ್ಪಳ ಕೇಳಿ, ಒಂದೆರಡು ತಾಸಿನೊಳಗೆ ಬಾತರೆ ಮಾತ್ರ ಮನೆಯ ಉಪಚಾರ ಬೇಡವೇ ಬೇಡ, ಮೂಳೆ ತಜ್ಞರಿಗೆ ತೋರಿಸಲೇಬೇಕು.

ಮರಳಿ ಆಟಕ್ಕೆ ಇಳಿಸುವ ನಿರ್ಧಾರಕ್ಕೆ ನಾನು ಇಟ್ಟುಕೊಂಡ ಅಳತೆ ನೋವಿನದಲ್ಲ, ಹೋಲಿಕೆಯದು. ಗಾಯವಾದ ಕಾಲಿನ ಮೇಲೆ ಮಗು ಇನ್ನೊಂದು ಕಾಲಿನಷ್ಟೇ ಹೊತ್ತು ನಿಲ್ಲುತ್ತದೆಯೇ, ಹೆಚ್ಚುಕಡಿಮೆ ಅಷ್ಟೇ ದೂರ ಕುಂಟಿ ಜಿಗಿಯುತ್ತದೆಯೇ, ಸಪ್ಪಳವಿಲ್ಲದೆ ಇಳಿಯುತ್ತದೆಯೇ? ಅಂಕ ಬರೆಯುತ್ತಿದ್ದ ಹುಡುಗಿಯನ್ನು ಅವಳ ತಾಯಿ ಮೂಳೆ ವೈದ್ಯರಿಗೆ ತೋರಿಸಿದರು. ರಜ್ಜು ಪೂರ್ತಿ ಹರಿದಿಲ್ಲ, ಬಲ ತುಂಬಿಸಿಕೊಳ್ಳಬೇಕು ಎಂದರು ಅವರು. ಅವಳು ಎಲ್ಲರ ಜೊತೆ ಬಸ್ಕಿ ಮತ್ತು ಒಂಟಿಗಾಲಿನ ಅಭ್ಯಾಸಕ್ಕೆ ನಿಂತಳು. ನಾನಿದ್ದಷ್ಟು ದಿನ ಅವಳ ಎಡಗಾಲು ಬಲಗಾಲಿನ ಸಮಕ್ಕೆ ಬಂದಿರಲಿಲ್ಲ, ಆದ್ದರಿಂದ ಆ ವರ್ಷದ ಕ್ರೀಡಾಕೂಟಕ್ಕೆ ಅವಳ ಹೆಸರು ಹೋಗಲಿಲ್ಲ. ತಾಯಿ ವ್ಯಾಯಾಮಕ್ಕೆ ಒಪ್ಪಿದ್ದಾರೆ; ಆಟಕ್ಕೆ ಒಪ್ಪುವುದು ಇನ್ನೂ ಬಾಕಿ ಇದೆ.

ಹೊರಡುವ ಮುಂಚೆ ಮುಖ್ಯಗುರುಗಳ ಒಪ್ಪಿಗೆ ಪಡೆದು ಒಂದು ನೂರು ಪುಟದ ನೋಟ್‌ಬುಕ್ಕನ್ನು ಕ್ರೀಡಾ ಸಾಮಗ್ರಿಯ ಕಪಾಟಿನಲ್ಲಿ ಇಟ್ಟುಬಂದೆ. ಗಾಯವಾದ ದಿನ, ಆಟ, ದೇಹದ ಯಾವ ಭಾಗ, ಆಗ ಮಗು ಏನು ಮಾಡುತ್ತಿತ್ತು, ನೆಲ ಹೇಗಿತ್ತು, ಅಂದು ಸಿದ್ಧತಾ ವ್ಯಾಯಾಮ ಆಗಿತ್ತೋ ಇಲ್ಲವೋ, ಎಷ್ಟು ದಿನ ಆಟ ತಪ್ಪಿತು: ಏಳು ಕಾಲಂ. ಬರೆಯುವ ಹೊಣೆ ಒಂಬತ್ತನೇ ತರಗತಿಯ ಇಬ್ಬರದು, ಅವರಲ್ಲಿ ಒಬ್ಬಳು ಹಿಂದೆ ಅಂಕ ಬರೆಯುತ್ತಿದ್ದವಳೇ. ಮುಂದಿನ ತಂಡದಲ್ಲಿ ಆ ಶಾಲೆಗೆ ಹೋಗುವ ಪ್ರಶಿಕ್ಷಣಾರ್ಥಿಗಳು ಮೊದಲ ದಿನವೇ ಅದನ್ನು ಕೇಳಿ ತೆಗೆದುಕೊಳ್ಳಬೇಕು. ಕಪಾಟಿನ ಕೀಲಿಕೈ ಕಚೇರಿಯಲ್ಲಿದೆ.